ಗುಬ್ಬಿ ಹತ್ತಿರದ ಹಳ್ಳಿಯಲ್ಲಿ ಮನೆ ಮನೆ ಹಿತ್ತಲು, ತೋಟ ನೋಡಲು ಬಿಡುತ್ತಾರಂತೆ. ಅಮ್ಮನನ್ನು ಕರ್ಕೊಂಡು ಹೋಗಬಹುದಾ?

ಬಾಲ್ಕನಿ ಕೃಷಿಕ

ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನವನೇ. ಆಫೀಸಿನಲ್ಲಿ ಒಬ್ಬರು ಹೇಳಿದರು, ಗುಬ್ಬಿಯಿಂದ ಚೇಳೂರು ಕಡೆಗೆ ಹೋಗುವ ದಾರಿಯಲ್ಲಿ ಒಂದು ಊರಿನವರು ವರ್ಷಕ್ಕೆ ಒಂದು ಭಾನುವಾರ ತಮ್ಮ ಹಿತ್ತಲು, ತೋಟ ಎಲ್ಲ ಹೊರಗಿನವರಿಗೆ ತೆರೆದಿಡುತ್ತಾರಂತೆ. ಹತ್ತು ಹನ್ನೆರಡು ಮನೆ ಇರಬಹುದು. ತಲೆಗೆ 100 ರೂಪಾಯಿ, ಆ ದುಡ್ಡು ಊರಿನ ಶಾಲೆಗೆ ಹೋಗುತ್ತದಂತೆ. ಬೆಳಗ್ಗೆ ಹೋಗಿ ಸಂಜೆಗೆ ವಾಪಸ್ ಬರಬಹುದು. ಈ ಸಲ ಜೂನ್ ಎರಡನೇ ಭಾನುವಾರ ಅಂದರು.

ನನಗಿಂತ ಅಮ್ಮನಿಗಾಗಿ ಕೇಳುತ್ತಿದ್ದೇನೆ. ಅವರಿಗೆ 71. ಹಳೇ ಮನೆ ಮಾರಿ ಫ್ಲ್ಯಾಟ್‌ಗೆ ಬಂದು ಮೂರು ವರ್ಷ ಆಯಿತು. ಅಲ್ಲಿ ಹಿತ್ತಲಲ್ಲಿ ಒಂದು ಬಾವಿ, ಎರಡು ತೆಂಗು, ಒಂದು ಸೀಬೆ, ಸಾಲಾಗಿ ಕನಕಾಂಬರ ಇತ್ತು. ಇಲ್ಲಿ ಬಾಲ್ಕನಿಯಲ್ಲಿ ಆರು ಕುಂಡ. ಅದರಲ್ಲಿ ಎರಡಕ್ಕೆ ಬಿಸಿಲೇ ಬೀಳಲ್ಲ. ವಿಷಯ ಹೇಳಿದ ಕೂಡಲೇ ಅಮ್ಮ ಅಂದಿದ್ದು: "ತೋಟ ನೋಡೋಕೂ ದುಡ್ಡು ಕೊಡಬೇಕಾ? ನಮ್ಮ ಹಿತ್ತಲನ್ನ ಬೀದಿಯೋರೆಲ್ಲ ಬಿಟ್ಟಿ ನೋಡ್ಕೊಂಡು, ಹೋಗ್ತಾ ಒಂದು ಮೊಳ ಹೂವನ್ನೂ ಕಿತ್ಕೊಂಡು ಹೋದರಲ್ಲ." ಆದರೆ ಮಾರನೇ ದಿನ ತಾವೇ "ಯಾವತ್ತು ಅಂದೆ ಅದು?" ಅಂತ ಕೇಳಿದರು.

ಹೋದವರು ಯಾರಾದರೂ ಇದ್ದರೆ ಹೇಳಿ. ಅಮ್ಮನಿಗೆ ಮಂಡಿ ನೋವು, ಜಾಸ್ತಿ ನಡೆಯಲು ಆಗಲ್ಲ. ಮಗಳಿಗೆ ಎಂಟು ವರ್ಷ, ಅವಳಿಗೆ ಬೋರ್ ಆಗುತ್ತಾ? ಶೌಚಾಲಯ, ಊಟ ಹೇಗೆ? ಗಿಡ ಮಾರುತ್ತಾರಾ? ಸಿದ್ದು ಹಲಸು ಆ ಕಡೆಯದೇ ಅಲ್ವಾ, ಅದರ ಹಣ್ಣು ಸಿಕ್ಕರೆ ಬೀಜ ತಂದು ತಮ್ಮನ ಸೈಟಿನಲ್ಲಿ ಹಾಕೋಣ ಅಂತ ಆಸೆ.

ಮಲೆನಾಡಿನಿಂದ ಬಯಲಿಗೆ

ಲಾಲ್‌ಬಾಗ್ ಇದೆಯಲ್ಲ ಸಾರ್. 240 ಎಕರೆ. ಮೆಟ್ರೋ ಇದೆ, ಕೂರಲು ಬೆಂಚಿದೆ. ಯಾರದೋ ಮನೆಯ ಬಸಳೆ ಚಪ್ಪರ ನೋಡಲು 100 ರೂಪಾಯಿ ಕೊಡೋದು ನನಗಂತೂ ಅರ್ಥವಾಗಲಿಲ್ಲ.

ತಟ್ಟೆ ಇಡ್ಲಿ ಪ್ರೇಮಿ

ಹೋದ ವರ್ಷ ನಾವು ಹೋಗಿದ್ದೆವು, ಬೆಂಗಳೂರಿನಿಂದ. ಉದ್ದ ಬರೆಯುತ್ತೇನೆ, ಬೇಜಾರಾದರೆ ಬಿಟ್ಟು ಮುಂದೆ ಓದಿ.

ಮೊದಲು ನಾವು ಮಾಡಿದ ತಪ್ಪು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ನಿಂತು, ಅದೂ ಒಂದೇ ತಟ್ಟೆ ಅಂತ ಶುರು ಮಾಡಿ ಮೂರಾಗಿ, ಆಮೇಲೆ ಸಿದ್ಧಗಂಗೆಗೂ ಹೋಗಿ ಬರೋಣ ಅಂತ ಹೆಂಡತಿ ಹೇಳಿ, ಊರು ಮುಟ್ಟಿದಾಗ ಹನ್ನೊಂದೂವರೆ. ನೆತ್ತಿ ಸುಡುವ ಬಿಸಿಲು. ಬೆಳಗ್ಗೆ ಎಂಟಕ್ಕೇ ಬಂದವರು ಆಗಲೇ ಅರ್ಧ ಊರು ನೋಡಿ ಪಾನಕ ಕುಡಿಯುತ್ತಾ ಕೂತಿದ್ದರು. ನೀವು ತುಮಕೂರಿನಲ್ಲೇ ಇರೋರು, ಗುಬ್ಬಿ ಇಪ್ಪತ್ತು ಕಿಲೋಮೀಟರ್ ಅಷ್ಟೇ, ಬಿ.ಎಚ್. ರಸ್ತೆಯಲ್ಲಿ ನೇರ ಹೋದರಾಯಿತು. ಎಂಟಕ್ಕೆ ಅಲ್ಲಿರಿ.

ಊರ ಮುಂದೆ ಅರಳಿಕಟ್ಟೆಯಲ್ಲಿ ಇಬ್ಬರು ಹುಡುಗರು ಕೂತು ಚೀಟಿ ಕೊಡುತ್ತಾರೆ. ಚೀಟಿಯ ಹಿಂದೆ ಕೈಯಲ್ಲೇ ಬರೆದ ನಕ್ಷೆ. ಯಾವ ಮನೆ ಎಲ್ಲಿ, ಯಾವ ಮನೆಯಲ್ಲಿ ನಾಯಿ ಇದೆ, ಎಲ್ಲಿ ಮಜ್ಜಿಗೆ ಸಿಗುತ್ತೆ, ಎಲ್ಲ ಅದರಲ್ಲಿದೆ. ನಾಯಿಯ ಚಿತ್ರ ನೋಡಿದರೆ ಕುರಿ ಥರ ಇತ್ತು, ಅದು ಬೇರೆ ಮಾತು.

ದೊಡ್ಡ ತೋಟ ಎರಡು ನೋಡಿದೆವು. ಅಡಿಕೆ, ತೆಂಗು, ನಡುವೆ ಬಾಳೆ, ಅಡಿಕೆ ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿ. ಒಳಗೆ ಹೋದರೆ ತಂಪೋ ತಂಪು. ಚೆನ್ನಾಗಿತ್ತು, ಆದರೆ ಅರ್ಧ ಗಂಟೆ ಆದ ಮೇಲೆ ಎಲ್ಲ ಮರವೂ ಒಂದೇ ಥರ ಕಾಣುತ್ತೆ. ಒಂದು ಮನೆಯಲ್ಲಿ ಕೊಬ್ಬರಿ ಅಟ್ಟ ತೋರಿಸಿದರು. ಬಲಿತ ಕಾಯಿಯನ್ನು ಸುಲಿಯದೆ ಹಾಗೇ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಒಳಗಿನ ನೀರೆಲ್ಲ ತಾನಾಗಿಯೇ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆ ಆಗುತ್ತೆ. ಆ ಮನೆಯಾಕೆ ಒಂದು ಕಾಯಿ ತೆಗೆದು ನನ್ನ ಮಗನ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರು. ಗಡಗಡ ಅಂತು. ಇನ್ನೊಂದು ಅಲ್ಲಾಡಿಸಿದರು, ಗುಳುಗುಳು. "ಇದು ಇನ್ನೂ ಹಸಿ, ಯುಗಾದಿ ಹೊತ್ತಿಗೆ ಆಗುತ್ತೆ" ಅಂದರು. ಮಗ ಅಲ್ಲಿಂದ ಏಳಲಿಲ್ಲ. ಒಂದೊಂದೇ ಕಾಯಿ ಎತ್ತಿ ಅಲ್ಲಾಡಿಸಿ, ಆದದ್ದು ಒಂದು ಕಡೆ, ಆಗದ್ದು ಒಂದು ಕಡೆ ಅಂತ ವಿಂಗಡಿಸಲು ಶುರು ಮಾಡಿದ. ನಿಮ್ಮ ಮಗಳಿಗೆ ಬೋರ್ ಆಗಲ್ಲ, ಚಿಂತೆ ಬಿಡಿ.

ಆದರೆ ನನಗೆ ಇವತ್ತಿಗೂ ನೆನಪಿರೋದು ಆ ದೊಡ್ಡ ತೋಟ ಅಲ್ಲ. ಊರ ಹಿಂದಿನ ಬೀದಿಯಲ್ಲಿ ಒಬ್ಬ ಅಜ್ಜಿಯ ಹಿತ್ತಲು. ಅಗಲ ಒಂದು ಬಸ್ಸಿನಷ್ಟು, ಉದ್ದ ಎರಡು ಬಸ್ಸಿನಷ್ಟು ಇದ್ದರೆ ಹೆಚ್ಚು. ಬಚ್ಚಲಿನಿಂದ ಹೊರಗೆ ಬರೋ ನೀರಿಗೆ ಒಂದು ಸಣ್ಣ ಕಾಲುವೆ ಮಾಡಿದ್ದರು. ಆ ನೀರು ಮೊದಲು ಬಾಳೆ ಬುಡಕ್ಕೆ, ಅಲ್ಲಿಂದ ಕೆಸುವಿಗೆ, ಅಲ್ಲಿಂದ ಬಸಳೆ ಪಾತಿಗೆ. ದಾರಿಯಲ್ಲಿ ಹಳೇ ಹೆಂಚಿನ ಚೂರು ಇಟ್ಟಿದ್ದರು. ಯಾವ ದಿನ ಯಾವ ಗಿಡಕ್ಕೆ ನೀರು ಬೇಕೋ ಆ ಕಡೆಯ ಹೆಂಚನ್ನು ಕಾಲಿನಲ್ಲೇ ಸರಿಸುತ್ತಾರೆ, ಬಗ್ಗೋದೇ ಬೇಡ. ಗಿಡದ ಬುಡಕ್ಕೆಲ್ಲ ತೆಂಗಿನ ಮಟ್ಟೆ ಮಗುಚಿ ಹಾಕಿದ್ದರು, ತೇವ ಆರಬಾರದು ಅಂತ. ದೊಡ್ಡಪತ್ರೆ, ಹೊನಗೊನೆ, ನುಗ್ಗೆ, ಕರಿಬೇವು, ಒಂದು ಮೂಲೆಯಲ್ಲಿ ದುಂಡು ಮಲ್ಲಿಗೆ. ಮಲ್ಲಿಗೆ ಬುಡದಲ್ಲಿ ಮೊಟ್ಟೆ ಚಿಪ್ಪು ಇತ್ತು. "ನೀವು ಮೊಟ್ಟೆ ತಿಂತೀರಾ ಅಜ್ಜಿ?" ಅಂತ ಹೆಂಡತಿ ಕೇಳಿದರೆ "ನಾನು ತಿನ್ನಲ್ಲ, ಗಿಡ ತಿನ್ನುತ್ತೆ, ಪಕ್ಕದ ಮನೆಯೋರು ಕೊಡ್ತಾರೆ" ಅಂದರು. ಆ ಜಾಗದಲ್ಲಿ ನಾವು ಒಂದು ಗಂಟೆ ಕೂತಿದ್ದೆವು. ಲಾಲ್‌ಬಾಗ್ ಅಂದ ಸಾರ್‌ಗೆ ನನ್ನ ಉತ್ತರ ಇದೇ.

ಇನ್ನು ನಿಮ್ಮ ಪ್ರಶ್ನೆಗಳು. ನಡಿಗೆ ಇದೆ. ಎಲ್ಲ ಮನೆ ನೋಡಬೇಕು ಅಂದರೆ ಎರಡು ಕಿಲೋಮೀಟರ್ ಆಗಬಹುದು. ಅಮ್ಮನಿಗೆ ಹಿಂದಿನ ಬೀದಿಯ ನಾಲ್ಕೈದು ಹಿತ್ತಲು ಸಾಕು, ಎಲ್ಲ ಒತ್ತೊತ್ತಾಗಿವೆ, ಪ್ರತಿ ಮನೆಗೂ ಜಗಲಿ ಇದೆ ಕೂರಲು. ಶೌಚಾಲಯ ಶಾಲೆಯಲ್ಲಿ ಬಿಟ್ಟಿದ್ದರು, ಶುಚಿಯಾಗಿತ್ತು. ಊಟ ಮುದ್ದೆ, ಹಲಸಿನ ಬೀಜ ಬದನೆಕಾಯಿ ಹಾಕಿದ ಸಾರು, ಅನ್ನ, ಮಜ್ಜಿಗೆ. ಒಂದು ಗಂಟೆಗೆ ಮುಗಿದು ಹೋಗುತ್ತೆ, ಲೇಟ್ ಮಾಡಬೇಡಿ. ನಾವು ಮಾಡಿದ್ದೆವು. ಬರೀ ಅನ್ನ ಮಜ್ಜಿಗೆ ಸಿಕ್ಕಿತು.

ಹಾಂ, ಮಾವಿನ ಮರದ ಕೆಳಗೆ ನಿಲ್ಲೋಕೆ ಮುಂಚೆ ಮೇಲೆ ನೋಡಿ. ಎಲೆ ಹೊಲಿದು ಕಟ್ಟಿದ ಕೆಂಜಿಗದ ಗೂಡು ಇರುತ್ತೆ. ಹೇಗೆ ಗೊತ್ತಾಯಿತು ಅಂತ ಕೇಳಬೇಡಿ.

ಮಗಳ ಮನೆಗೆ ಹೋಗಿ ಬಂದೆ

ಮಲೆನಾಡಿನವರೇ, ಈ 100 ರೂಪಾಯಿ ವಿಚಾರಕ್ಕೆ ಒಂದು ಮಾತು. ನನ್ನ ಮಗಳು ಇಂಗ್ಲೆಂಡಿನಲ್ಲಿದ್ದಾಳೆ. ಹೋದ ಬೇಸಿಗೆಯಲ್ಲಿ ಮೂರು ತಿಂಗಳು ಅಲ್ಲಿದ್ದಾಗ ಇಂಥದ್ದೇ ಒಂದಕ್ಕೆ ಕರೆದುಕೊಂಡು ಹೋಗಿದ್ದಳು. ಅಲ್ಲಿ ಇದು ಹಳೇ ಪದ್ಧತಿ. 1927ರಲ್ಲಿ ಶುರುವಾಗಿದ್ದು. ಆಗ ಮನೆ ಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ನರ್ಸ್‌ಗಳಿಗೆ ಸರ್ಕಾರದ ಸಂಬಳ ಇರಲಿಲ್ಲ, ಜನ ದುಡ್ಡು ಕೂಡಿಸಿ ನಡೆಸಬೇಕಿತ್ತು. ಅದಕ್ಕೆ ಒಬ್ಬ ಹೆಂಗಸು ಯೋಚನೆ ಮಾಡಿ, ತೋಟ ಇರೋರು ಒಂದು ದಿನ ಗೇಟು ತೆಗೆಯಲಿ, ನೋಡೋಕೆ ಬರೋರು ತಲೆಗೆ ಒಂದು ಶಿಲ್ಲಿಂಗ್ ಕೊಡಲಿ ಅಂದರಂತೆ. ಮೊದಲ ವರ್ಷವೇ 609 ತೋಟ ತೆರೆದವು. ಈಗ ಮೂರು ಸಾವಿರಕ್ಕೂ ಜಾಸ್ತಿ. ಎಷ್ಟೋ ಕಡೆ ಇಡೀ ಹಳ್ಳಿಯೇ ಸೇರಿ ಮಾಡುತ್ತೆ. ಒಂದು ಟಿಕೆಟ್, ಒಂದು ನಕ್ಷೆ, ಎಲ್ಲರ ತೋಟಕ್ಕೂ ಹೋಗಬಹುದು. ಈಗಲೂ ದುಡ್ಡು ನರ್ಸಿಂಗ್, ಆರೋಗ್ಯದ ಕೆಲಸಗಳಿಗೇ.

ಅಲ್ಲಿ ತೋಟ ನೋಡುವುದಕ್ಕಿಂತ ಟೀ ಮತ್ತು ಕೇಕಿಗೆ ಕ್ಯೂ ಉದ್ದ. ಗುಲಾಬಿ ಚೆನ್ನಾಗಿತ್ತು, ಹುಲ್ಲು ಕತ್ತರಿಸಿ ಚಾಪೆ ಮಾಡಿದ ಹಾಗಿತ್ತು. ಆದರೆ ನಾನು ಹದಿನಾಲ್ಕು ತೋಟ ಸುತ್ತಿದೆ ನೋಡಿ, ಒಂದು ಕರಿಬೇವಿನ ಗಿಡ ಇಲ್ಲ, ಒಂದು ಒಗೆಯೋ ಕಲ್ಲಿಲ್ಲ. ಬರೀ ನೋಡಲು. ಒಬ್ಬ ವಯಸ್ಸಾದ ಗಂಡಸು ತಮ್ಮ ಟೊಮೇಟೊ ತೋರಿಸಿ ಎಷ್ಟು ಹೆಮ್ಮೆಪಟ್ಟರು ಅಂದರೆ, ನಾನು ಕೋಲಾರ ಪಕ್ಕದವಳು ಅಂತ ಹೇಳಲು ಬಾಯಿ ಬರಲಿಲ್ಲ.

ಬಾಲ್ಕನಿ ಕೃಷಿಕರೇ, ಅಮ್ಮನನ್ನು ಕರೆದುಕೊಂಡು ಹೋಗಿ. ಮಂಡಿ ನೋವು ಮನೆಯಲ್ಲಿ ಕೂತರೂ ಇರುತ್ತೆ.

ಹೇಮಾವತಿ ನಾಲೆ

ಇದು ನಮ್ಮೂರಿನದೇ ವಿಚಾರ. ಒಂದು ಮನೆ ನಮ್ಮದೂ ಇದೆ, ಅದಕ್ಕೇ ಬರೆಯುತ್ತಿದ್ದೇನೆ. ಬನ್ನಿ, ಖುಷಿ. ಆದರೆ ಕೆಲವು ಮಾತು ಈಗಲೇ ಹೇಳಿಬಿಡುತ್ತೇನೆ, ಅಲ್ಲಿ ಬಂದಾಗ ಮುಖಕ್ಕೆ ಹೇಳಲು ನಮಗೂ ಸಂಕೋಚ.

ಹೋದ ವರ್ಷ ಯಾರೋ ಹಿಂದಿನ ಗೇಟು ತೆಗೆದು ಹಾಗೇ ಬಿಟ್ಟು ಹೋದರು. ಎರಡು ಹಸು ನುಗ್ಗಿ ಮಾರನೇ ದಿನ ಸಂತೆಗೆ ಕೊಯ್ಯಬೇಕಿದ್ದ ಸೊಪ್ಪಿನ ಮಡಿ ಪೂರ್ತಿ ತಿಂದವು. ನಮ್ಮ ತೋಟದಲ್ಲಿ ಡ್ರಿಪ್ ಪೈಪಿನ ಮೇಲೆ ನಿಂತು ಫೋಟೋ ತೆಗೆದುಕೊಂಡವರು ಜಾಯಿಂಟ್ ಕಿತ್ತು ಹಾಕಿದ್ದರು. ನಮಗೆ ಗೊತ್ತಾಗಿದ್ದು ಸಂಜೆ, ಮೋಟರ್ ಹಾಕಿದಾಗ. ಎರಡು ಸಾಲಿಗೆ ನೀರಿಲ್ಲ, ಒಂದು ಕಡೆ ಕೆರೆ. ಇನ್ನೊಬ್ಬರು ಮೆಣಸಿನ ಗೊಂಚಲು ಕಿತ್ತು ಬ್ಯಾಗಿಗೆ ಹಾಕಿಕೊಳ್ಳುತ್ತಿದ್ದರು. ಕೇಳಿದರೆ "ಮಗುವಿಗೆ ತೋರಿಸೋಕೆ" ಅಂತೆ. ಮಗು ಕಾರಿನಲ್ಲಿ ಮಲಗಿತ್ತು. ಕೇಳಿ, ಕೊಡುತ್ತೇವೆ. ಕೇಳದೆ ಕೀಳಬೇಡಿ, ಅಷ್ಟೇ.

ಕಾರನ್ನು ತೆಂಗಿನ ಮರದ ಕೆಳಗೆ ನಿಲ್ಲಿಸಬೇಡಿ. ನೆರಳು ಚೆನ್ನಾಗಿದೆ ಅಂತ ನಿಲ್ಲಿಸುತ್ತೀರಿ, ಒಣಗಿದ ಗರಿ ಬಿದ್ದರೂ ಗಾಜು ಹೋಗುತ್ತೆ, ಕಾಯಿ ಬಿದ್ದರೆ ಹೇಳೋದೇ ಬೇಡ. ಗಾಳಿ ಇದ್ದಾಗ ನಾವೂ ಮರದಡಿ ನಿಲ್ಲಲ್ಲ. ಒಂದು ತೋಟದಲ್ಲಿ ಹಳೇ ತೆರೆದ ಬಾವಿ ಇದೆ, ಸುತ್ತ ಹಗ್ಗ ಕಟ್ಟಿರುತ್ತೇವೆ, ಆದರೂ ಮಗುವಿನ ಕೈ ಬಿಡಬೇಡಿ. ಕಾಲಿಗೆ ಷೂ ಇರಲಿ, ಚಪ್ಪಲಿ ಬೇಡ.

ಈಗ ಹಲಸು. ಸಿದ್ದು ಹಲಸು ನಮ್ಮ ಚೇಳೂರಿನದೇ. ಅಲ್ಲಿನ ಒಬ್ಬ ರೈತರ ತೋಟದಲ್ಲಿದ್ದ ಒಂದೇ ಮರ, ಅವರ ತಂದೆ ನೆಟ್ಟಿದ್ದು, ತಂದೆಯ ಹೆಸರನ್ನೇ ತಳಿಗೆ ಇಟ್ಟರು. ಹಿರೇಹಳ್ಳಿ ತೋಟಗಾರಿಕೆ ಸಂಶೋಧನಾ ಕೇಂದ್ರದವರು ಬಂದು ನೋಡಿ, ಪರೀಕ್ಷೆ ಮಾಡಿ, ಕಸಿ ಕಟ್ಟಿ ಹರಡಲು 2017ರಲ್ಲಿ ಆ ರೈತರ ಜೊತೆಗೇ ಒಪ್ಪಂದ ಮಾಡಿಕೊಂಡರು. ಹಣ್ಣು ದೊಡ್ಡದಲ್ಲ, ಎರಡೂವರೆ ಕೆಜಿ ಆಸುಪಾಸು. ಒಂದು ಮನೆಗೆ ಒಂದು ಹಣ್ಣು ಸರಿಹೋಗುತ್ತೆ. ಕೊಯ್ದರೆ ತೊಳೆ ಹಳದಿ ಅಲ್ಲ, ತಾಮ್ರದ ಚೊಂಬು ಹುಣಸೆಹಣ್ಣು ಹಾಕಿ ಉಜ್ಜಿದಾಗ ಕಾಣುತ್ತಲ್ಲ, ಆ ಕೆಂಪು.

ಆದರೆ ಬೀಜ ತಗೊಂಡು ಹೋಗಿ ಹಾಕಿದರೆ ಸಿದ್ದು ಹುಟ್ಟಲ್ಲ ಅಣ್ಣ. ಹಲಸು ಬೇರೆ ಮರದ ಪರಾಗದಿಂದ ಕಾಯಿ ಕಟ್ಟೋದು, ಬೀಜದಿಂದ ಬರೋ ಮರ ತಾಯಿಯ ಹಾಗೆ ಇರುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಅದಕ್ಕೇ ಒಂದೊಂದು ಮನೆಯ ಹಲಸಿಗೆ ಒಂದೊಂದು ರುಚಿ. ಕಸಿ ಗಿಡವನ್ನೇ ತಗೊಳ್ಳಿ. ನೆಡುವಾಗ ಕಸಿ ಕಟ್ಟಿದ ಗಂಟು ಮಣ್ಣಿನ ಮೇಲೇ ಇರಬೇಕು, ಗಂಟಿಗೆ ಸುತ್ತಿದ ಪ್ಲಾಸ್ಟಿಕ್ ಬಿಚ್ಚಬೇಕು. ಗಂಟಿನ ಕೆಳಗೆ ಚಿಗುರು ಬಂದರೆ ಮುಲಾಜಿಲ್ಲದೆ ಚಿವುಟಿ. ಅದು ಸಿದ್ದು ಅಲ್ಲ, ಬುಡದ ಕಾಡು ಗಿಡ. ನಮ್ಮ ಚಿಕ್ಕಪ್ಪ ಪಾಪ ಐದು ವರ್ಷ ಅದನ್ನೇ ಪ್ರೀತಿಯಿಂದ ಬೆಳೆಸಿದ್ದರು, ಮೇಲಿನ ಕಸಿ ಯಾವತ್ತೋ ಒಣಗಿ ಹೋಗಿತ್ತು.

ಸಸಿ ಹುಡುಕೋರು ನೇರ ಹಿರೇಹಳ್ಳಿಯಲ್ಲೇ ವಿಚಾರಿಸಿ, ಸುಮ್ನೆ ರಸ್ತೆ ಬದಿಯಲ್ಲಿ "ಸಿದ್ದು ಸಿದ್ದು" ಅಂತ ಮಾರೋರನ್ನು ನಂಬಬೇಡಿ. ಎಲೆ ನೋಡಿ ಯಾರಿಗೂ ಗೊತ್ತಾಗಲ್ಲ. ಹಣ್ಣು ಬಿಟ್ಟಾಗಲೇ ಬಣ್ಣ ಬಯಲಾಗೋದು.

ಬಾಲ್ಕನಿ ಕೃಷಿಕ

ಅಯ್ಯೋ, ಬೀಜದ ವಿಷಯ ಗೊತ್ತೇ ಇರಲಿಲ್ಲ. ಹೋದ ವರ್ಷ ಫ್ರಿಜ್‌ನಲ್ಲಿ ಇಟ್ಟುಕೊಂಡಿದ್ದ ಹನ್ನೆರಡು ಬೀಜ ಇವತ್ತು ಸಾರಿಗೆ ಹೋಗುತ್ತವೆ. ಎಲ್ಲರಿಗೂ ಥ್ಯಾಂಕ್ಸ್. ಹೋಗುವುದು ಖಚಿತ. ಹೇಮಾವತಿ ನಾಲೆಯವರೇ, ರೈಲಿನಲ್ಲಿ ಬಂದರೆ? ಅಮ್ಮನಿಗೆ ರೈಲು ಇಷ್ಟ.

ಹೇಮಾವತಿ ನಾಲೆ

ಗುಬ್ಬಿಗೆ ಎಲ್ಲ ರೈಲೂ ನಿಲ್ಲಲ್ಲ, ಪ್ಯಾಸೆಂಜರ್ ನೋಡಿ ಹತ್ತಿ. ನಿದ್ದೆ ಮಾಡಿದರೆ ನಿಟ್ಟೂರೋ ತಿಪಟೂರೋ ಸೇರುತ್ತೀರಿ. ಸ್ಟೇಷನ್‌ನಿಂದ ಊರಿಗೆ ಆಟೋ ಮಾಡಿಕೊಳ್ಳಬೇಕು. ವಾಪಸ್ ಹೋಗೋದಕ್ಕೂ ಆಗಲೇ ಮಾತಾಡಿಕೊಳ್ಳಿ. ಮಂಡಿ ನೋವು ಇರೋರಿಗೆ ಕಾರೇ ವಾಸಿ ಅಂತ ನನ್ನ ಅಭಿಪ್ರಾಯ.

ಬಾಲ್ಕನಿ ಕೃಷಿಕ

ಹೋಗಿ ಬಂದೆವು! ವರದಿ ಒಪ್ಪಿಸಬೇಕಲ್ಲ.

ಕಾರಿನಲ್ಲೇ ಹೋದೆವು, ಎಂಟೂ ಕಾಲಿಗೆ ಅಲ್ಲಿದ್ದೆವು. ಹಿಂದಿನ ರಾತ್ರಿ ಒಂದು ಮಳೆ ಬಿದ್ದಿತ್ತು, ನೆಲ ಹದವಾಗಿತ್ತು. ಮಳೆ ಆದರೆ ಹಲಸು ಸಪ್ಪೆ ಆಗುತ್ತೆ ಅಂತ ಅಮ್ಮ ದಾರಿಯುದ್ದಕ್ಕೂ ಹೇಳಿಕೊಂಡು ಬಂದರು. ಅಲ್ಲಿ ಎಂಟು ತೊಳೆ ತಿಂದ ಮೇಲೆ ಆ ಮಾತು ಎತ್ತಲಿಲ್ಲ. ಹಣ್ಣು ಬಿಡಿಸೋದು ನೋಡೋದೇ ಚೆಂದ. ಮನೆಯಾಕೆ ಮೊದಲು ಮಚ್ಚಿಗೂ ಮೊಣಕೈವರೆಗೂ ಕೊಬ್ಬರಿ ಎಣ್ಣೆ ಸವರಿಕೊಂಡರು, ನಡುವೆ ಸೀಳಿದರು, ಗೊಜ್ಜಿನಂತೆ ಉಕ್ಕಿದ ಹಾಲನ್ನು ಒಂದು ತೆಂಗಿನ ನಾರಿಗೆ ಸುತ್ತಿ ಸುತ್ತಿ ಒರೆಸಿ ತೆಗೆದರು. ಕೈಗೆ ಒಂದು ಚೂರೂ ಅಂಟಲಿಲ್ಲ. ಮಗಳು ತಾನೂ ಮಾಡ್ತೀನಿ ಅಂತ ಎಣ್ಣೆ ಹಚ್ಚದೆ ಕೈ ಹಾಕಿದಳು. ಗುಬ್ಬಿ ದಾಟೋವರೆಗೂ ಅವಳ ಬೆರಳು ಬಿಡಿಸುತ್ತಿದ್ದೆವು.

ಎರಡು ದೊಡ್ಡ ತೋಟಕ್ಕೆ ನಾನು, ಮಗಳು ಹೋಗಿ ಬಂದೆವು. ಅಮ್ಮ ಹಿಂದಿನ ಬೀದಿ ಬಿಟ್ಟು ಅಲ್ಲಾಡಲಿಲ್ಲ. ಆ ಬಚ್ಚಲ ನೀರಿನ ಅಜ್ಜಿ ಇದ್ದಾರಲ್ಲ, ಅವರ ಹಿತ್ತಲಲ್ಲೇ ಒಗೆಯೋ ಕಲ್ಲಿನ ಮೇಲೆ ಕೂತುಬಿಟ್ಟರು. ನಾವು ಊಟಕ್ಕೆ ಕರೆಯಲು ಹೋದಾಗ ಇಬ್ಬರೂ ಸೇರಿ ಅವರೆಕಾಯಿ ಜಾತಿಯ ಯಾವುದೋ ಬಳ್ಳಿಗೆ ಚಪ್ಪರದ ಕಡ್ಡಿ ಕಟ್ಟುತ್ತಿದ್ದರು. ದುಡ್ಡು ಕೊಟ್ಟು ಬಂದು ಕೆಲಸ ಮಾಡಿದ್ದು ನೀವೊಬ್ಬರೇ ಅಂತ ನಾನು ರೇಗಿಸಿದೆ.

ಇನ್ನು ಒಂದು ತಪ್ಪೊಪ್ಪಿಗೆ. ಹೇಮಾವತಿ ನಾಲೆಯವರು ಕೇಳದೆ ಕೀಳಬೇಡಿ ಅಂದಿದ್ದನ್ನು ನಾನು ಅಮ್ಮನಿಗೆ ಮೂರು ಸಲ ಓದಿ ಹೇಳಿದ್ದೆ. ಅವರು ಪಾಪ ಕೇಳಿಯೇ ಕೇಳಿದರು, "ಈ ದುಂಡು ಮಲ್ಲಿಗೆಯದು ಒಂದು ಕಡ್ಡಿ ಕೊಡ್ತೀರಾ" ಅಂತ. ಅಜ್ಜಿ ಕೊಡಲ್ಲ ಅಂದರು! "ಕೊಟ್ಟ ಕಡ್ಡಿ ಹತ್ತಲ್ಲ ಕಣಮ್ಮ, ಕದ್ದ ಕಡ್ಡಿಯೇ ಹತ್ತೋದು. ನಾನು ಒಳಗೆ ಹೋಗಿ ನೀರು ತರ್ತೀನಿ, ನಿಧಾನ ಆಗುತ್ತೆ" ಅಂತ ಹೇಳಿ ಎದ್ದು ಹೋದರು. ಹೋಗೋಕೆ ಮುಂಚೆ ಕುಡುಗೋಲನ್ನು ಕಲ್ಲಿನ ಮೇಲೆ ಇಟ್ಟು ಹೋದರು. ವಾಪಸ್ ಬಂದಾಗ ಕಡ್ಡಿ ಅಮ್ಮನ ಸೆರಗಿನಲ್ಲಿತ್ತು. ಅಜ್ಜಿ ಗಿಡದ ಕಡೆ ನೋಡಲೇ ಇಲ್ಲ, ನೀರು ಕೊಟ್ಟು "ಬುಡಕ್ಕೆ ಮರಳು ಜಾಸ್ತಿ ಹಾಕು" ಅಂತ ಅಷ್ಟೇ ಹೇಳಿದರು.

ಇದು ಕಳ್ಳತನದ ಲೆಕ್ಕಕ್ಕೆ ಬರುತ್ತಾ ನೀವೇ ಹೇಳಿ.

ಹೇಮಾವತಿ ನಾಲೆ

ಅವರು ನಮ್ಮ ದೊಡ್ಡಮ್ಮ. ಆ ಮಲ್ಲಿಗೆಯೂ ಕದ್ದು ತಂದಿದ್ದೇ, ನಲವತ್ತು ವರ್ಷದ ಹಿಂದೆ, ಅವರ ತವರಿನ ಪಕ್ಕದ ಮನೆಯಿಂದ. ಲೆಕ್ಕಕ್ಕೆ ಬರಲ್ಲ ಬಿಡಿ.

ಮಲೆನಾಡಿನಿಂದ ಬಯಲಿಗೆ

ಮುಂದಿನ ವರ್ಷದ ತಾರೀಕು ಗೊತ್ತಾದರೆ ಇಲ್ಲೇ ಹಾಕಿ. ಸುಮ್ನೆ ಕೇಳಿದೆ.

ಹೇಮಾವತಿ ನಾಲೆ

ಹಾಕುತ್ತೇವೆ ಸಾರ್. ಬಾಲ್ಕನಿಯವರೇ, ದೊಡ್ಡಮ್ಮ ದಿನಾ ಕೇಳುತ್ತಿದ್ದಾರೆ, ತುಮಕೂರಿನೋರ ಕಡ್ಡಿ ಹತ್ತಿತಾ ಅಂತ. ಏನು ಹೇಳಲಿ?

ಬಾಲ್ಕನಿ ಕೃಷಿಕ

ಪೇಂಟ್ ಡಬ್ಬಕ್ಕೆ ನೆಟ್ಟು ಇವತ್ತಿಗೆ ಇಪ್ಪತ್ತಾರು ದಿನ. ಎರಡು ಚಿಗುರು ಬಂದಿವೆ, ಒಂದು ಅಕ್ಕಿ ಕಾಳಷ್ಟು, ಇನ್ನೊಂದು ಸ್ವಲ್ಪ ದೊಡ್ಡದು. ಆದರೆ ಯಾರಿಗೂ ಹೇಳಬೇಡ, ದೃಷ್ಟಿ ಆಗುತ್ತೆ ಅಂತ ಅಮ್ಮ ಅಂದಿದ್ದಾರೆ. ದೊಡ್ಡಮ್ಮನಿಗೆ ಒಬ್ಬರಿಗೇ ಹೇಳಿ.